ಕ್ಲಚ್ಚಕ್ಕ ಸ್ಟ್ರಾಂಗ್ ಬ್ಯಾಗು ಬಿಟ್ಟದ್ದು

ದರ್ಜಿಗೆ ರಿವರ್ಸ್ ತೆಗೆಯುವುದನ್ನು ಕಲಿಸುತ್ತಿದ್ದಾಗ ಕ್ಲಚ್ಚಕ್ಕನಿಗೆ ಉಸಿರು ಕಟ್ಟಿತು.

ಊರಾಚೆ ಹಳೆಯ ಗೋದಾಮೊಂದರ ಮುಂದೆ ಬಯಲಿತ್ತು. ಹೊಸದಾಗಿ ಕಾರು ಕಲಿಯುವವರನ್ನೆಲ್ಲ ಆಕೆ ಮೊದಲು ಅಲ್ಲಿಗೇ ಕರೆತರುತ್ತಿದ್ದಳು. ದರ್ಜಿ ಐವತ್ತು ದಾಟಿದ ಮನುಷ್ಯ. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದ ಕಾಲಿಗೆ ಕಾರಿನ ಪೆಡಲು ಮಾತ್ರ ಒಗ್ಗಿರಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಪಕ್ಕದ ಸೀಟಿನಲ್ಲಿ ಕೂತ ಕ್ಲಚ್ಚಕ್ಕ ಎಂದಿನಂತೆ ‘ಕ್ಲಚ್, ಕ್ಲಚ್’ ಎನ್ನುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ದರ್ಜಿ ತಿರುಗಿ ನೋಡಿದಾಗ ಆಕೆ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ, ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು.

“ಮೊದಲ್ನೇ ಗೇರ್ ಹಾಕಿ. ದೊಡ್ಡಾಸ್ಪತ್ರೆಗೆ ನಡೀರಿ” ಎಂದಳು.

“ನಾನಾ? ಮೇಡಂ, ಮೇನ್ ರೋಡಲ್ಲಿ ಬಸ್ಸಿರ್ತವೆ.”

“ಬಸ್ಸಿಗೂ ಬ್ರೇಕಿರತ್ತೆ. ನಡೀರಿ.”

ದರ್ಜಿ ನಡೆದ. ಎರಡನೇ ಗೇರಿಗೆ ಹಾಕಿದವನು ಮೂರನೆಯದರ ತಂಟೆಗೇ ಹೋಗಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆದರು. ಆತ ಕಿಟಕಿಯಿಂದ ತಲೆ ಹೊರಹಾಕಿ ಎಲ್ಲರಿಗೂ ಕೈಮುಗಿದ. ಕ್ಲಚ್ಚಕ್ಕ ಮಾತು ನಿಲ್ಲಿಸಿ ಬೆರಳಿನಲ್ಲೇ ದಾರಿ ತೋರಿಸಿದಳು. ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಕಾರನ್ನು ಅಡ್ಡಡ್ಡ ನಿಲ್ಲಿಸಿ ಇಳಿದಾಗ ದರ್ಜಿಯ ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಕಾವಲುಗಾರ ಬೈಯಲು ಬಂದವನು ಆಕೆಯ ಮುಖ ನೋಡಿ ಗಾಲಿಕುರ್ಚಿ ತರಲು ಓಡಿದ.

ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಅದು ಎಲ್ಲಿಂದ ಬಂತೆಂದು ಆಕೆಗೆ ಗೊತ್ತಿತ್ತು. ಯಾಕೆ ಹೊರಗೆ ಹೋಗಲಿಲ್ಲ ಎನ್ನುವುದಷ್ಟೇ ಗೊತ್ತಿರಲಿಲ್ಲ.

ರಕ್ತದೊತ್ತಡ ಸದ್ದಿಲ್ಲದೆ ಆಕೆಯ ಎರಡೂ ಕಿಡ್ನಿ ತಿಂದುಹಾಕಿ ವರ್ಷಗಳಾಗಿದ್ದವು. ಆಗ ಡಾಕ್ಟರು ಎರಡು ದಾರಿ ಹೇಳಿದ್ದರು: ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬಂದು ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳುವುದು, ಇಲ್ಲವೇ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್. ಡ್ರೈವಿಂಗ್ ಸ್ಕೂಲು ಆಕೆ ಒಬ್ಬಳೇ ಕಟ್ಟಿದ್ದು. ಮೂರು ದಿನ ಅಂಗಡಿ ಮುಚ್ಚಿದರೆ ಉಳಿದ ದಿನಕ್ಕೆ ಯಾರು ಬರುತ್ತಾರೆ ಎಂದು ಎರಡನೆಯದನ್ನೇ ಆರಿಸಿಕೊಂಡಳು. ಹೊಕ್ಕುಳ ಪಕ್ಕದಿಂದ ಮೆತ್ತನೆಯ ನಳಿಕೆಯೊಂದು ಹೊಟ್ಟೆಯೊಳಕ್ಕೆ ಹೋಯಿತು. ದ್ರಾವಣದ ಚೀಲ ನೇತುಹಾಕಿ, ಕೈ ತೊಳೆದು, ಮಾಸ್ಕ್ ಕಟ್ಟಿ, ಹೊಟ್ಟೆಗೆ ನೀರು ತುಂಬಿಸಿಕೊಳ್ಳುವುದು. ಕೆಲವು ಗಂಟೆ ಬಿಟ್ಟು ಬರಿದು ಮಾಡುವುದು. ಕರುಳನ್ನು ಸುತ್ತಿಕೊಂಡಿರುವ ತೆಳು ಪೊರೆಯ ಮೂಲಕ ರಕ್ತದ ಕೊಳೆ ಆ ನೀರಿಗೆ ಇಳಿಯುತ್ತದೆ. ನೀರಿನಲ್ಲಿರುವ ಗ್ಲೂಕೋಸು ಮೈಯಲ್ಲಿ ಹೆಚ್ಚಾದ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಸ್ಕೂಲಿನ ಆಫೀಸಿನ ಹಿಂದಿನ ಸಣ್ಣ ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಜಾಲರಿ ಹೊಡೆಸಿ, ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಆಕೆ ಅಲ್ಲಿ ಈ ಕೆಲಸ ಮುಗಿಸಿ ಬರುತ್ತಿದ್ದಳು. ಕಲಿಯಲು ಬಂದವರಲ್ಲಿ ಅರ್ಧಕ್ಕರ್ಧ ಜನರಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಚೀಲಗಳಲ್ಲಿ ಮೂರು ಬಗೆ: ಗ್ಲೂಕೋಸು ಕಡಿಮೆ ಇರುವುದು, ನಡುವಿನದು, ಹೆಚ್ಚಿರುವ ಸ್ಟ್ರಾಂಗ್ ಬ್ಯಾಗು. ಕಾಲು ಊದಿದರೆ, ತೂಕ ಏರಿದರೆ ಆ ದಿನಕ್ಕೆ ಹೆಚ್ಚಿನದು ಬಳಸಬಹುದೆಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಆಕೆಗೆ ಅದೇ ವರವಾಯಿತು. ಇಡೀ ದಿನ ಕಿರುಚಿ ಕಿರುಚಿ ಗಂಟಲೊಣಗುವ ಕೆಲಸ. ಕಾರಿನೊಳಗಿನ ಕಾವು ಬೇರೆ. ಅದರ ಮೇಲೆ ಹುಟ್ಟಿನಿಂದ ಉಪ್ಪುಬುರುಕ ನಾಲಿಗೆ. ತಿಂದಳು, ಕುಡಿದಳು, ಸ್ಟ್ರಾಂಗ್ ಬ್ಯಾಗು ಹಾಕಿದಳು, ಊತ ಇಳಿಯಿತು. ಹಬ್ಬಕ್ಕೊಂದು ಎಂದು ಶುರುವಾದದ್ದು ವಾರಕ್ಕೊಂದಾಗಿ, ದಿನಕ್ಕೊಂದಾಗಿ, ಕೊನೆಗೆ ಬೇರೆ ಚೀಲ ಮುಟ್ಟುವುದೇ ಅಪರೂಪವಾಯಿತು. ಊತ ಜಾಸ್ತಿ ಎಂದು ಆಸ್ಪತ್ರೆಗೆ ಹೇಳಿ ಹೆಚ್ಚು ತರಿಸಿಕೊಳ್ಳುತ್ತಿದ್ದಳು. ಊತವೇನೋ ಇತ್ತು, ಸುಳ್ಳಲ್ಲ. ಅದರ ಹಿಂದಿನ ಉಪ್ಪು ಕಡಲೆಬೀಜದ ಪೊಟ್ಟಣಗಳ ಸುದ್ದಿ ಮಾತ್ರ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ನೀರಿಳಿಸಿದ ಮೇಲೆ ಒಂದು ಪರೀಕ್ಷೆ ಮಾಡಿದರು. ಚೀಲ ತುಂಬಿಸಿ, ನಾಲ್ಕು ಗಂಟೆ ಹೊಟ್ಟೆಯಲ್ಲೇ ಬಿಟ್ಟು, ನಡುನಡುವೆ ಆ ನೀರನ್ನೂ ರಕ್ತವನ್ನೂ ತೆಗೆದು ನೋಡಿದರು. ಫಲಿತಾಂಶ ಹೇಳಲು ಕಿಡ್ನಿ ಡಾಕ್ಟರು ತಾವೇ ಹಾಸಿಗೆಯ ಬಳಿ ಕುರ್ಚಿ ಎಳೆದು ಕೂತರು. ಮೆದು ಮಾತಿನ ಹೆಂಗಸು. ಆದರೆ ಮಾತನ್ನು ಸುತ್ತಿ ಬಳಸುವವರಲ್ಲ.

ವರ್ಷಗಟ್ಟಲೆ ಗಟ್ಟಿ ಗ್ಲೂಕೋಸಿನಲ್ಲಿ ನೆನೆದು ನೆನೆದು ಹೊಟ್ಟೆಯ ಪೊರೆ ಬದಲಾಗಿದೆ ಎಂದರು. ಅದರಲ್ಲಿ ಹೊಸ ರಕ್ತನಾಳಗಳು ಬೆಳೆದಿವೆ. ಹಾಗಾಗಿ ಚೀಲದ ಗ್ಲೂಕೋಸು ಹೊಟ್ಟೆಯಲ್ಲಿ ನಿಲ್ಲದೆ ಬೇಗ ರಕ್ತಕ್ಕೆ ಹೋಗಿಬಿಡುತ್ತದೆ. ಸೆಳೆಯುವವನೇ ಓಡಿಹೋದ ಮೇಲೆ ನೀರನ್ನು ಸೆಳೆಯುವವರು ಯಾರು? ನೀರು ಬರಲಿಲ್ಲವೆಂದು ಇನ್ನೂ ಸ್ಟ್ರಾಂಗ್ ಹಾಕಿದರೆ ಪೊರೆ ಇನ್ನೂ ಕೆಡುತ್ತದೆ. ಸಕ್ಕರೆ ಕಾಯಿಲೆಯ ಸುಳಿವೇ ಇಲ್ಲದಿದ್ದವಳ ರಕ್ತದಲ್ಲಿ ಈಗ ಸಕ್ಕರೆಯೂ ಏರತೊಡಗಿತ್ತು. ಸೊಂಟದ ಸುತ್ತಳತೆ ಹೆಚ್ಚಿದ್ದು ಬರೀ ವಯಸ್ಸಿನಿಂದಲ್ಲ. ಇನ್ನೊಂದು ಮಾತನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಬಹಳ ವರ್ಷ ಹೀಗೇ ನಡೆದವರಲ್ಲಿ ಕೆಲವರಿಗೆ, ಅಪರೂಪಕ್ಕೆ, ಪೊರೆ ದಪ್ಪಗಟ್ಟಿ ಕರುಳನ್ನೇ ಬಿಗಿದುಬಿಡುವುದುಂಟು. ಆಗ ಅನ್ನ ನೀರು ಇಳಿಯುವುದೂ ಕಷ್ಟ. ನಿಮಗೆ ಹಾಗಾಗಿಲ್ಲ, ಆದರೆ ಆ ಕಡೆಗೆ ಹೋಗುವ ದಾರಿಯಲ್ಲಿ ನಡೆಯುವುದು ಬೇಡ ಎಂದರು.

“ಯಾರೂ ಇದನ್ನ ನನಗೆ ಹೇಳ್ಲಿಲ್ವಲ್ಲ” ಎಂದಳು ಕ್ಲಚ್ಚಕ್ಕ.

“ಹೇಳಿದ್ವಿ. ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು” ಎಂದರು ಡಾಕ್ಟರು. “ನೀವು ಎಷ್ಟು ಹಾಕ್ತೀರ ಅಂತ ನಾವೂ ಕೂತು ಕೇಳ್ಬೇಕಿತ್ತು. ಈಗ ಮುಂದಿನ ಮಾತು ಆಡೋಣ.”

ಮುಂದಿನ ಮಾತು ಎರಡಿತ್ತು. ಒಂದು, ಈಗಲೇ ಆಸ್ಪತ್ರೆಯ ಯಂತ್ರಕ್ಕೆ ಹೋಗುವುದು. ಇನ್ನೊಂದು, ಪೊರೆಗೆ ಒಂದು ಅವಕಾಶ ಕೊಟ್ಟು ನೋಡುವುದು. ಹಗಲು ಕಡಿಮೆ ಗ್ಲೂಕೋಸಿನ ಚೀಲಗಳು ಮಾತ್ರ. ರಾತ್ರಿಯಿಡೀ ಹೊಟ್ಟೆಯಲ್ಲಿರುವುದಕ್ಕೆ ಗ್ಲೂಕೋಸೇ ಇಲ್ಲದ ಬೇರೊಂದು ದ್ರಾವಣ. ಅದು ನಿಧಾನವಾಗಿ, ಆದರೆ ಬಹಳ ಹೊತ್ತು ನೀರು ಸೆಳೆಯುತ್ತದೆ. ಇನ್ನೂ ಸ್ವಲ್ಪ ಮೂತ್ರ ಹೋಗುತ್ತಿದ್ದುದರಿಂದ ಅದನ್ನು ಹೆಚ್ಚಿಸಲು ಮಾತ್ರೆ. ಎಲ್ಲಕ್ಕಿಂತ ಮೊದಲು ಉಪ್ಪು ಬಿಡಬೇಕು. ಉಪ್ಪು ಬಿಟ್ಟರೆ ಬಾಯಾರಿಕೆ ತಾನಾಗಿ ಇಳಿಯುತ್ತದೆ; ಅದಿಲ್ಲದೆ ನೀರು ಕಡಿಮೆ ಕುಡಿಯುತ್ತೇನೆಂದು ಆಣೆ ಮಾಡಿ ಉಪಯೋಗವಿಲ್ಲ.

“ಸ್ಟ್ರಾಂಗ್ ಒಂದನ್ನೂ ಮುಟ್ಟಬಾರದಾ?”

“ನನ್ನನ್ನೋ ಸಿಸ್ಟರನ್ನೋ ಕೇಳ್ದೆ ಮುಟ್ಟಬಾರದು. ಆಮೇಲೆ ಒಂದು ಮಾತು, ಇದರಿಂದ ಪೊರೆ ಮೊದಲಿನ ಹಾಗಾಗತ್ತೆ ಅಂತ ನಾನು ಹೇಳ್ತಿಲ್ಲ. ಇನ್ನಷ್ಟು ಕೆಡದ ಹಾಗೆ ನೋಡ್ಕೊಬಹುದು. ಎಷ್ಟು ಕಾಲ ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ.”

ಕ್ಲಚ್ಚಕ್ಕ ಎರಡನೆಯದು ಎಂದಳು.

ಮನೆಯಲ್ಲಿದ್ದದ್ದು ಅತ್ತಿಗೆ. ಕ್ಲಚ್ಚಕ್ಕನ ಅಣ್ಣ ತೀರಿಕೊಂಡ ಮೇಲೆ ನಾದಿನಿಯೊಡನೆಯೇ ಉಳಿದವರು. ಸ್ಕೂಲಿನ ಫೋನು ಎತ್ತುವುದೂ ಅವರೇ, ಅಡುಗೆಯೂ ಅವರದೇ. ಊರಲ್ಲಿ ಅವರ ಕೈರುಚಿಗೆ ಹೆಸರಿತ್ತು. ಆ ಹೆಸರಿನ ಅರ್ಧ ಪಾಲು ಉಪ್ಪಿನದು. ಡಾಕ್ಟರ ಮಾತನ್ನು ನಾದಿನಿ ಒಪ್ಪಿಸಿದಾಗ ಅವರಿಗೆ ತಮ್ಮ ಅಡುಗೆಯ ಮೇಲೆಯೇ ದೂರು ಬಂದಂತಾಯಿತು.

“ಅಂದ್ರೆ ನಾನೇ ನಿನಗೆ ವಿಷ ಹಾಕಿದೆ ಅಂತ ಆಯ್ತು.”

“ಹಾಗಲ್ಲ ಅತ್ತಿಗೆ. ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತ ಗಾದೇನೇ ಇದೆಯಲ್ಲ. ನಾನು ಕುಡಿದ ನೀರು ಹೊರಗೆ ಹೋಗೋಕೆ ನಿಮ್ಮ ಹಾಗೆ ದಾರಿ ಇಲ್ಲ. ಅಷ್ಟೇ.”

ಅತ್ತಿಗೆ ಆ ದಿನ ಮುಖ ಊದಿಸಿಕೊಂಡೇ ಇದ್ದರು. ಮರುದಿನ ಉಪ್ಪಿನ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಪಕ್ಕದ ಮನೆಯವಳಿಗೆ ಕೊಟ್ಟು ಬಂದರು. ಒಂದೇ ಒಲೆಯಲ್ಲಿ ಎರಡು ಅಡುಗೆ ತಮ್ಮಿಂದಾಗದು, ನಾದಿನಿ ಸಪ್ಪೆ ತಿಂದರೆ ತಾವೂ ಸಪ್ಪೆಯೇ ತಿನ್ನುವುದು ಎಂದು ಘೋಷಿಸಿದರು.

ಮೊದಲ ವಾರಗಳು ನರಕ. ಬೇಯಿಸಿದ ತರಕಾರಿ ಬಾಯಿಗಿಟ್ಟರೆ ಒದ್ದೆ ಕಾಗದ ಜಗಿದ ಹಾಗಿರುತ್ತಿತ್ತು. ಇಬ್ಬರೂ ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ ನುಂಗುತ್ತಿದ್ದರು. ಅತ್ತಿಗೆ ನಿಂಬೆರಸ ಹಿಂಡಿದರು, ಬೆಳ್ಳುಳ್ಳಿ ಸುಟ್ಟು ಅರೆದರು, ಮೆಣಸು ಕುಟ್ಟಿದರು. ಒಂದು ಮಧ್ಯಾಹ್ನ ಕ್ಲಚ್ಚಕ್ಕ ಪಾಠ ಬೇಗ ಮುಗಿಸಿ ಬಂದಾಗ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಿಗೆ ಉಪ್ಪು ಕಡಲೆಬೀಜ ಮುಕ್ಕುತ್ತಿದ್ದರು. ಬಾಯಿ ತುಂಬಿದ್ದರಿಂದ ಮಾತೂ ಹೊರಡಲಿಲ್ಲ. ಕ್ಲಚ್ಚಕ್ಕ ಅಲ್ಲೇ ಗೋಡೆಗೆ ಒರಗಿ ನಗತೊಡಗಿದಳು. ಅತ್ತಿಗೆಗೂ ನಗು ಬಂದು ಕೆಮ್ಮು ಹತ್ತಿತು. ಬೆನ್ನು ತಟ್ಟುತ್ತ ನಾದಿನಿ, ನಿಮಗೇನು ರೋಗವೇ, ತಿನ್ನಿ, ಆದರೆ ನನ್ನ ಕಣ್ಣಿಗೆ ಬೀಳದ ಹಾಗೆ ತಿನ್ನಿ ಎಂದಳು.

ನಾಲಿಗೆ ನಿಧಾನವಾಗಿ ಪಳಗಿತು. ಬಾಯಾರಿಕೆ ನಿಜಕ್ಕೂ ಇಳಿಯಿತು. ಕಾರಿನಲ್ಲಿ ಯಾವಾಗಲೂ ಇರುತ್ತಿದ್ದ ದೊಡ್ಡ ನೀರಿನ ಬಾಟಲಿಯ ಜಾಗಕ್ಕೆ ಒಂದು ಪುಟ್ಟ ಲೋಟ ಬಂತು. ಉಳಿದ ಸ್ಟ್ರಾಂಗ್ ಚೀಲಗಳಲ್ಲಿ ಸಿಸ್ಟರ್ ಕೆಲವನ್ನು ಮಾತ್ರ ತುರ್ತಿಗೆಂದು ಬಿಟ್ಟು ಮಿಕ್ಕದ್ದನ್ನು ವಾಪಸು ತರಿಸಿಕೊಂಡರು. ಡಯಾಲಿಸಿಸ್ ವಿಭಾಗದ ಈ ಸಿಸ್ಟರು ಕ್ಲಚ್ಚಕ್ಕನಿಗಿಂತ ಚಿಕ್ಕವರು, ಬಾಯಿ ಮಾತ್ರ ಜೋರು.

ಕ್ಲಚ್ಚಕ್ಕನ ಪಥ್ಯಕ್ಕೆ ಪರೀಕ್ಷೆ ಬಂದದ್ದು ದರ್ಜಿಯ ಸಂತೋಷದ ರೂಪದಲ್ಲಿ. ಆತ ಮೂರನೇ ಸಲಕ್ಕೆ ಲೈಸೆನ್ಸ್ ಪರೀಕ್ಷೆ ಪಾಸಾದ. ಗುರುವಿಗೆ ಊಟ ಹಾಕಿಸಲೇಬೇಕೆಂದು ಹೋಟೆಲಿಗೆ ಕರೆದುಕೊಂಡು ಹೋದ. ಒಲ್ಲೆ ಎನ್ನಲು ಆಕೆಗೆ ಮನಸ್ಸಾಗಲಿಲ್ಲ. ಎದುರಿಗಿಟ್ಟದ್ದನ್ನು ಬಿಡಲೂ ಆಗಲಿಲ್ಲ. ಬಹಳ ದಿನದ ಮೇಲೆ ನಾಲಿಗೆಗೆ ಉಪ್ಪು ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊತ. ಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಂತಿತು. ಹಿಂದಿನ ಕೋಣೆಗೆ ಹೋಗಿ ಸ್ಟ್ರಾಂಗ್ ಚೀಲವೊಂದನ್ನು ಎತ್ತಿ ಮೇಜಿನ ಮೇಲಿಟ್ಟಳು. ಹೊರಗೆ ಕಲಿಯುವವಳೊಬ್ಬಳು ಆಗಲೇ ಬಂದು ಕಾಯುತ್ತಿದ್ದಳು. ಇದೊಂದು ಹಾಕಿದರೆ ಸಂಜೆಯೊಳಗೆ ಎಲ್ಲ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ.

ಗೊತ್ತಾಗುವುದು ನನ್ನ ಹೊಟ್ಟೆಗಲ್ಲವೇ ಎನ್ನಿಸಿತು. ಚೀಲವನ್ನು ಅಲ್ಲೇ ಬಿಟ್ಟು ಸಿಸ್ಟರಿಗೆ ಫೋನು ಮಾಡಿದಳು. ಹೋಟೆಲಿನ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

ಸಿಸ್ಟರು ತೂಕ ಕೇಳಿದರು, ರಕ್ತದೊತ್ತಡ ಕೇಳಿದರು, ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಕೇಳಿದರು. ಕಟ್ಟುತ್ತಿರಲಿಲ್ಲ. “ಹಾಗಾದ್ರೆ ಸ್ಟ್ರಾಂಗ್ ಬೇಡ. ನಡುವಿನದ್ದು ಒಂದು ಹಾಕಿ, ಹೊತ್ತಿಗೆ ಸರಿಯಾಗಿ ಬರಿದು ಮಾಡಿ, ಇವತ್ತು ನೀರು ಕುಡಿಯೋದು ಬಿಗಿ ಹಿಡೀರಿ. ಸಂಜೆ ನನಗೆ ತೂಕ ಹೇಳಿ. ಇನ್ನೊಂದು ಮಾತು ಮೇಡಂ, ತಿಂದದ್ದನ್ನ ಹೇಳಿದ್ರಲ್ಲ, ಅದೇ ನನಗೆ ಖುಷಿ.”

ಆ ದಿನ ಪಾಠಗಳನ್ನೆಲ್ಲ ಮುಂದೂಡಿ, ಒಣ ತುಟಿ ಸವರಿಕೊಳ್ಳುತ್ತ ಕೂತಳು. ಊತ ಇಳಿಯಲು ಸಂಜೆ ಸಾಲದೆ ಮರುದಿನವೂ ಬೇಕಾಯಿತು. ಆದರೂ ಇಳಿಯಿತು. ಚೀಲ ತಿರುಗಿ ತನ್ನ ಜಾಗಕ್ಕೆ ಹೋಯಿತು.

ಇನ್ನೊಂದು ಸಲ ಅತ್ತಿಗೆ ಗಾಬರಿಯಾದರು. ಔಷಧಿ ಅಂಗಡಿಯಲ್ಲಿ ಬಿಟ್ಟಿಯಾಗಿ ಸಕ್ಕರೆ ಪರೀಕ್ಷೆ ಮಾಡುತ್ತಿದ್ದರೆಂದು ನಾದಿನಿಯನ್ನೂ ಎಳೆದುಕೊಂಡು ಹೋಗಿ ಬೆರಳು ಚುಚ್ಚಿಸಿದ್ದರು. ಮೀಟರು ತೋರಿಸಿದ ಸಂಖ್ಯೆ ನೋಡಿ ಅಂಗಡಿಯವನೇ ಬೆಚ್ಚಿದ. ಕೂಡಲೇ ಯಾರಿಗಾದರೂ ತೋರಿಸಿ, ಇನ್ಸುಲಿನ್ ಬೇಕಾದೀತು ಎಂದ. ರಾತ್ರಿಯ ಹೊಸ ದ್ರಾವಣ ಶುರುಮಾಡುವಾಗ ಸಿಸ್ಟರು ಹೇಳಿದ್ದ ಎಚ್ಚರಿಕೆ ಕ್ಲಚ್ಚಕ್ಕನಿಗೆ ನೆನಪಿಗೆ ಬಂತು. ಆ ದ್ರಾವಣ ರಕ್ತದಲ್ಲಿ ಬಿಡುವ ಒಂದು ಪದಾರ್ಥವನ್ನು ಕೆಲವು ಬಗೆಯ ಮೀಟರುಗಳು ಸಕ್ಕರೆಯೆಂದೇ ಎಣಿಸಿಬಿಡುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಇದ್ದ ಸಕ್ಕರೆಯೂ ಇಳಿದು ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕಾಗಿಯೇ ಪರ್ಸಿನಲ್ಲಿ ಇಟ್ಟುಕೊಳ್ಳಲು ಒಂದು ಚೀಟಿ ಕೊಟ್ಟಿದ್ದರು. ಚೀಟಿ ನೋಡಿದ ಅಂಗಡಿಯವನು ತಾನೇ ಆಸ್ಪತ್ರೆಗೆ ಫೋನು ಮಾಡಿಕೊಟ್ಟ. ಲ್ಯಾಬಿನಲ್ಲಿ ರಕ್ತ ತೆಗೆದು ನೋಡಿದಾಗ ಸಕ್ಕರೆ ಹಿಂದಿಗಿಂತ ಕಡಿಮೆಯೇ ಇತ್ತು. ಅಂದಿನಿಂದ ಅತ್ತಿಗೆಯ ಕೈಚೀಲದಲ್ಲೂ ಅಂಥದ್ದೇ ಒಂದು ಚೀಟಿ ಸೇರಿತು.

ಹೀಗೆ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಗಾಗ ಮಾಡುತ್ತಿದ್ದ ಪರೀಕ್ಷೆಯಲ್ಲಿ ಪೊರೆ ಇದ್ದ ಹಾಗೇ ಇತ್ತು. ಸೊಂಟ ಇಳಿದು ಹಳೆಯ ಉಡುಪುಗಳು ಸಡಿಲವಾದವು. ದರ್ಜಿ ಅವನ್ನೆಲ್ಲ ಹಿಡಿದು ಹೊಲಿದುಕೊಟ್ಟ. ಆಮೇಲೆ, ಯಾರ ತಪ್ಪೂ ಇಲ್ಲದೆ, ಹೊರಬರುವ ನೀರು ಮತ್ತೆ ಕಡಿಮೆಯಾಗತೊಡಗಿತು. ಮೂತ್ರವಂತೂ ನಿಂತೇಹೋಗಿತ್ತು. ಉಪ್ಪು ತಿಂದಿರಲಿಲ್ಲ, ನೀರು ಹೆಚ್ಚು ಕುಡಿದಿರಲಿಲ್ಲ, ಆದರೂ ಸಂಜೆಯ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತಿತ್ತು.

ಡಾಕ್ಟರು ಫಲಿತಾಂಶ ಮುಂದಿಟ್ಟುಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದರು. ಯಂತ್ರಕ್ಕೆ ಹೋಗುವ ಕಾಲ ಹತ್ತಿರ ಬಂದಿದೆ. ಇವತ್ತೇ ಎಂದಲ್ಲ. ದಿನಕ್ಕೊಂದೆರಡು ಸ್ಟ್ರಾಂಗ್ ಚೀಲ ಸೇರಿಸಿಕೊಂಡರೆ ಇನ್ನು ಕೆಲವು ತಿಂಗಳು ಮನೆಯಲ್ಲೇ ತಳ್ಳಬಹುದು; ಅದರ ಅಪಾಯವೂ ನಿಮಗೆ ಗೊತ್ತಿದೆ. ಯೋಚನೆ ಮಾಡಿ ಹೇಳಿ ಎಂದರು.

ಆ ಭಾನುವಾರ ಕ್ಲಚ್ಚಕ್ಕ ಕಾರು ತೊಳೆದಳು, ಒಳಗಿನ ಮ್ಯಾಟುಗಳನ್ನು ಝಾಡಿಸಿ ಬಿಸಿಲಿಗೆ ಹಾಕಿದಳು. ಸಪ್ಪೆ ಊಟ ಉಂಡು ಎರಡು ವರ್ಷ ಜತನ ಮಾಡಿದ ಹೊಟ್ಟೆ ಕೊನೆಗೂ ಕೈಕೊಟ್ಟಿತಲ್ಲ ಎಂಬ ಸಿಟ್ಟು ಇತ್ತು. ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಯಾರೂ ಸಿಗಲಿಲ್ಲ. ಸಂಜೆ ಅತ್ತಿಗೆಯ ಎದುರು ಬಂದು ಕೂತು, ನಾನು ಯಂತ್ರಕ್ಕೆ ಹೋಗುತ್ತೇನೆ ಎಂದಳು.

“ಡಾಕ್ಟರು ಇನ್ನೂ ಟೈಮಿದೆ ಅಂದ್ರಲ್ಲ?” ಎಂದರು ಅತ್ತಿಗೆ.

“ಇದೆ. ಒಂದೆರಡು ಸ್ಟ್ರಾಂಗ್ ತಾನೇ ಅಂತ ಹೋದ ಸಲನೂ ಹೀಗೇ ಶುರು ಮಾಡಿದ್ದೆ. ಅದರ ಕೊನೆ ಎಲ್ಲಿಗೆ ಹೋಗತ್ತೆ ಅಂತ ನೋಡಾಗಿದೆ. ಉಸಿರು ಕಟ್ಟಿ ಹೊತ್ಕೊಂಡು ಹೋಗೋ ಬದಲು ನನ್ನ ಕಾಲ ಮೇಲೆ ನಾನೇ ನಡ್ಕೊಂಡು ಹೋಗ್ತೀನಿ ಅತ್ತಿಗೆ.”

ಅತ್ತಿಗೆ ಸೆರಗಿನ ಅಂಚನ್ನು ಮಡಿಸಿದರು, ಬಿಚ್ಚಿದರು. “ಸ್ಕೂಲು?” ಎಂದರು.

“ಅದನ್ನೇ ಯೋಚನೆ ಮಾಡ್ತಿದೀನಿ.”

ಯಂತ್ರದ ಸೂಜಿ ಚುಚ್ಚಲು ಕೈಯ ಎರಡು ರಕ್ತನಾಳಗಳ ಜೋಡಣೆಯನ್ನು ಮೊದಲೇ ಮಾಡಿಸಿಡಬೇಕು. ಅದು ಬಲಿಯಲು ತಿಂಗಳುಗಳೇ ಬೇಕು. ಮುಂದಿನ ವಾರವೇ ಕ್ಲಚ್ಚಕ್ಕ ಎಡ ಮುಂಗೈಗೆ ಆ ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಚರ್ಮದಡಿ ರಕ್ತ ಹರಿಯುವುದು ಬೆರಳಿಗೆ ಗುರುಗುಟ್ಟಿದಂತೆ ತಾಗುತ್ತಿತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟಿ ನೋಡುವುದು ಹೊಸ ಅಭ್ಯಾಸವಾಯಿತು. ಅದು ಬಲಿಯುವ ತನಕ ಹೊಟ್ಟೆಯ ಡಯಾಲಿಸಿಸ್ ನಡೆಯಿತು, ನಡುವಿನ ಚೀಲಗಳಲ್ಲಿ, ಕುಡಿಯುವ ನೀರನ್ನು ಇನ್ನೂ ಬಿಗಿ ಹಿಡಿದು. ಸ್ಟ್ರಾಂಗ್ ಬೇಕಾಗಲಿಲ್ಲ.

ಪಾಠಗಳನ್ನೆಲ್ಲ ಬೆಳಗಿನ ಹೊತ್ತಿಗೆ ತಂದು, ಮೂರು ಮಧ್ಯಾಹ್ನ ಖಾಲಿ ಮಾಡಿಕೊಂಡಳು. ಒಂದು ತೊಡಕು ಉಳಿಯಿತು. ಯಂತ್ರದಿಂದ ಎದ್ದ ದಿನ ತಲೆ ತಿರುಗಬಹುದು, ಸ್ವತಃ ಕಾರು ಓಡಿಸುವುದು ಬೇಡ ಎಂದು ಸಿಸ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಬಾಡಿಗೆ ಗಾಡಿ ಮಾಡಿಕೊಳ್ಳುತ್ತೇನೆಂದು ಕ್ಲಚ್ಚಕ್ಕ ಹೇಳುತ್ತಿರುವಾಗ ಅತ್ತಿಗೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

“ನನಗೆ ಕಲಿಸು” ಎಂದರು.

“ಏನನ್ನ?”

“ಕಾರನ್ನ. ಇನ್ನೇನನ್ನ? ಊರಿಗೆಲ್ಲ ಕಲಿಸ್ತೀಯ, ಮನೇಲಿರೋಳು ಇಷ್ಟು ವರ್ಷ ಬರೀ ಫೋನೆತ್ತಿದೀನಿ.”

ಅರವತ್ತಕ್ಕೆ ಹತ್ತಿರವಿದ್ದ ಅತ್ತಿಗೆ ಗೋದಾಮಿನ ಮುಂದಿನ ಬಯಲಿನಲ್ಲಿ ಚಾಲಕಿಯ ಸೀಟಿಗೆ ಏರಿದರು. ಅವರಷ್ಟು ಹಟಮಾರಿ ಶಿಷ್ಯರನ್ನು ಕ್ಲಚ್ಚಕ್ಕ ಕಂಡಿರಲಿಲ್ಲ. ತಪ್ಪು ತಿದ್ದಿದರೆ ವಾದಿಸುತ್ತಿದ್ದರು. ಎದುರು ಬಂದ ನಾಯಿಗೆ ಹಾರ್ನ್ ಬದಲು ಬೈಗುಳ ಕೊಡುತ್ತಿದ್ದರು. ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುವ ಮೊದಲು ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ನಾದಿನಿ ಗಂಟಲು ಹರಿದುಕೊಂಡಳು. ಗಂಟಲೊಣಗಿದಾಗ ಪುಟ್ಟ ಲೋಟದಿಂದ ಒಂದೇ ಗುಟುಕು ಕುಡಿದು ಮತ್ತೆ ಹರಿದುಕೊಂಡಳು. ಅತ್ತಿಗೆ ಮೊದಲ ಸಲಕ್ಕೇ ಪಾಸಾದರು. ಪರೀಕ್ಷೆ ಮಾಡಿದ ಅಧಿಕಾರಿಗೆ, ಕಲಿಸಿದವಳು ಯಾರು ಗೊತ್ತಲ್ಲ ಎಂದು ಹೇಳಿಯೂ ಬಂದರು.

ಕೈಯ ರಕ್ತನಾಳ ಬಲಿತ ಮೇಲೆ ಕ್ಲಚ್ಚಕ್ಕ ಯಂತ್ರದ ಪಕ್ಕದ ಕುರ್ಚಿಗೆ ನಡೆದುಕೊಂಡೇ ಹೋದಳು. ಸೂಜಿಗಳು ದಪ್ಪ, ನೋವಾಗುವುದಿಲ್ಲ ಎಂದು ಯಾರೂ ಸುಳ್ಳು ಹೇಳಲಿಲ್ಲ. ಮೊದಲ ದಿನ ಮಂಡಿಯ ಕೆಳಗೆ ಸೆಳೆತ ಬಂದು ಹಲ್ಲು ಕಚ್ಚಿ ಕೂತಳು. ಎರಡನೇ ವಾರಕ್ಕೆ ಅದೂ ರೂಢಿಯಾಯಿತು. ಯಂತ್ರ ಸರಿಯಾಗಿ ನಡೆಯತೊಡಗಿದ್ದನ್ನು ನೋಡಿಕೊಂಡು ಹೊಟ್ಟೆಯ ನಳಿಕೆಯನ್ನು ತೆಗೆದರು. ಅದಕ್ಕೆ ಮುಂಚೆ ಮಾಡಿದ ಸ್ಕ್ಯಾನಿನಲ್ಲಿ ಕರುಳು ಎಲ್ಲೂ ಬಿಗಿದುಕೊಂಡಿರಲಿಲ್ಲ, ಪೊರೆ ದಪ್ಪಗಟ್ಟಿರಲಿಲ್ಲ. ಇಷ್ಟಕ್ಕೇ ಎಲ್ಲ ಮುಗಿಯಿತೆಂದು ತಿಳಿಯಬೇಡಿ, ಹೊಟ್ಟೆನೋವು, ವಾಂತಿ ಬಂದರೆ ವರ್ಷಗಳಾದ ಮೇಲೂ ನನಗೆ ಹೇಳಬೇಕು ಎಂದು ಡಾಕ್ಟರು ಎಚ್ಚರಿಸಿದರು. ಆಮೇಲೆ, ನೀವು ಸರಿಯಾದ ಹೊತ್ತಿಗೆ ಬಂದಿರಿ ಎಂದರು.

ಹೊರಗೆ ಅತ್ತಿಗೆ ಕಾರು ತಂದು ಕಾಯುತ್ತಿದ್ದರು. ಕ್ಲಚ್ಚಕ್ಕ ಹೊಟ್ಟೆಯ ಮೇಲಿನ ಪಟ್ಟಿಯನ್ನು ಮೆಲ್ಲಗೆ ಒತ್ತಿ ಹಿಡಿದು ಸೀಟಿಗೆ ಒರಗಿದಳು. ಎಷ್ಟೋ ವರ್ಷಗಳ ಮೇಲೆ ಅಲ್ಲಿ ನಳಿಕೆ ಇರಲಿಲ್ಲ, ನೀರೂ ಇರಲಿಲ್ಲ. ಗಾಯ ಮಾಗಿದ ಮೇಲೆ ತೊಟ್ಟಿ ತುಂಬಿಸಿ ಕುತ್ತಿಗೆಯವರೆಗೆ ಮುಳುಗಿ ಸ್ನಾನ ಮಾಡಬಹುದೆಂದು ಸಿಸ್ಟರು ಹೇಳಿದ್ದನ್ನು ಅತ್ತಿಗೆಗೆ ಹೇಳಿದಳು. ಹಂಡೆ ಕಾಯಿಸಿಕೊಡುತ್ತೇನೆ, ಮೊದಲು ಬೆಲ್ಟು ಹಾಕಿಕೋ ಎಂದರು ಅತ್ತಿಗೆ. ನಾಳೆ ಬೆಳಿಗ್ಗೆ ಮೊದಲ ಪಾಠ ಯಾರದ್ದು ಎಂದು ಕ್ಲಚ್ಚಕ್ಕ ಕೇಳಿದ್ದಕ್ಕೆ, ಹೊಸಬರು, ಗಂಡ ಹೆಂಡತಿ, ಇಬ್ಬರಿಗೂ ಸ್ಟೇರಿಂಗ್ ಹಿಡಿಯುವುದೂ ಗೊತ್ತಿಲ್ಲ ಎಂದು ಹೇಳಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಗಾಡಿಯನ್ನು ರಸ್ತೆಗೆ ತೆಗೆದರು.